ನಾಮಸೂಚಿಯಲ್ಲಿ ಹೆಸರು ಹೇಳದವನ ಅಧಿಕಾರ

ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ನಿರ್ಣಯಿಸಬೇಕೆಂಬುದು ನಮ್ಮ ಶಾಸ್ತ್ರಕಾರರ ಪದ್ಧತಿಯು. ಇವುಗಳಲ್ಲಿ ಅಧಿಕಾರಿಯ ವಿಚಾರವು ಮೊದಲು ಬರುವದು ಯುಕ್ತವೇ ಸರಿ. ಕೇಳುವವನು ಯಾರೆಂಬುದು ನಿಶ್ಚಯವಾಗದೆ ಅವನಿಗೆ ಏನನ್ನು ಹೇಳಬೇಕೆಂಬುದು ನಿಶ್ಚಯವಾಗಲಾರದು. ಗಣಕಯಂತ್ರಗಳಲ್ಲಿ ಡೈರೆಕ್ಟರಿ ಸರ್ವರ್ ಎಂದು ಕರೆಯಲ್ಪಡುವ ನಾಮಸೂಚಿಗಳನ್ನು ಇಡುವವರೂ ಈ ಅಧಿಕಾರವಿಚಾರವನ್ನು ಬಹಳವಾಗಿ ಮಾಡಿರುವರು. ಅವರಲ್ಲಿ ‘ಅನಾನಿಮಸ್ ಆಕ್ಸೆಸ್’ ಎಂಬುದೊಂದು ಪ್ರಕರಣವೇ ಉಂಟು; ಹೆಸರು ಹೇಳದೆ ಬಂದವನಿಗೆ ಸೂಚಿಯನ್ನು ಎಷ್ಟರಮಟ್ಟಿಗೆ ತೋರಿಸಬಹುದೆಂಬುದು ಅದರ ವಿಷಯವು. ಸಾಹಿತ್ಯದ ಅಧ್ಯಾಪಕರಿಗೆ ಇದರಿಂದೇನೆಂದು ವಾಚಕರು ಕೇಳಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿರುವ ತಾಳೆಯೋಲೆ ಕಾಗದದ ಪ್ರತಿಗಳಿಗೆ ಒಂದು ಸೂಚಿಯನ್ನು ಮಾಡಿ ಇಂಥ ಸರ್ವರಿನಲ್ಲಿ ಇಡುವದಾದರೆ, ಈ ಪ್ರಕರಣದ ಪ್ರತಿಯೊಂದು ಮಾತೂ ನಮಗೆ ಸಂಬಂಧಿಸಿದ್ದಾಗುತ್ತದೆ. ಆ ಕಾರಣದಿಂದ ಅಲ್ಲಿಯ ಪರಿಭಾಷೆಯನ್ನೂ ವಿಧಿಗಳನ್ನೂ ಇಲ್ಲಿ ವಿಮರ್ಶಿಸಲಾಗುವದು.

ಮೊದಲು ವಸ್ತುಸ್ವರೂಪ. ಡೈರೆಕ್ಟರಿ ಸರ್ವರ್ ಎಂದರೆ ಹೆಸರುಗಳನ್ನೂ ಅವುಗಳ ಗುಣಗಳನ್ನೂ ವೃಕ್ಷಾಕಾರವಾಗಿ ಜೋಡಿಸಿಟ್ಟುಕೊಂಡು ಕೇಳಿದವರಿಗೆ ಉತ್ತರ ಕೊಡುವ ಯಂತ್ರವು. ಬೇರಿನಲ್ಲಿ ದೇಶ ಅಥವಾ ಸಂಸ್ಥೆ, ಕೊಂಬೆಗಳಲ್ಲಿ ಶಾಖೆಗಳು, ತುದಿಯಲ್ಲಿ ವ್ಯಕ್ತಿ ಅಥವಾ ವಸ್ತು. ಇದರ ಮೂಲವಾದ ಎಕ್ಸ್ ೫೦೦ ಎಂಬ ಪದ್ಧತಿಯು ೧೯೮೮ರಲ್ಲಿ ಪ್ರಕಟವಾಯಿತು. ಅದು ಬಹು ಭಾರವಾದುದರಿಂದ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದವರು ಹಗುರಾದ ಎಲ್‌ಡ್ಯಾಪ್ ಎಂಬ ಪದ್ಧತಿಯನ್ನು ರೂಪಿಸಿ ೧೯೯೩ರಲ್ಲಿ ಹೊರತಂದರು. ಇಂದು ವಿಶ್ವವಿದ್ಯಾಲಯಗಳೂ ದೊಡ್ಡ ಕಚೇರಿಗಳೂ ತಮ್ಮವರು ಯಾರು, ಅನ್ಯರು ಯಾರು ಎಂದು ತಿಳಿಯಲು ಇದನ್ನು ಬಳಸುವವು. ಕೇಳಲು ಬಂದವನು ಸಾಮಾನ್ಯವಾಗಿ ಮೊದಲು ‘ಬೈಂಡ್’ ಎಂಬ ಕ್ರಿಯೆಯಿಂದ ತನ್ನ ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸುವನು. ಎರಡನ್ನೂ ಬರಿದಾಗಿ ಬಿಟ್ಟರೆ ಅವನು ಅನಾನಿಮಸ್. ಬೈಂಡನ್ನು ಮಾಡದೆಯೇ ಕೇಳತೊಡಗಿದವನೂ ಹಾಗೆಯೇ ಎಣಿಸಲ್ಪಡುವನು.

ಈ ಶಬ್ದಕ್ಕೆ ಕನ್ನಡದಲ್ಲಿ ‘ಅನಾಮಧೇಯ’, ‘ಅನಾಮಿಕ’, ‘ಅಜ್ಞಾತ’ ಎಂಬ ಮೂರನ್ನು ಮನಬಂದಂತೆ ಬಳಸುವದನ್ನು ಕಾಣುತ್ತೇವೆ. ಮೂರೂ ಇಲ್ಲಿ ಸಲ್ಲವು. ನಾಮಧೇಯವೆಂದರೆ ಹೆಸರೇ ಆದುದರಿಂದ ಅನಾಮಧೇಯನೆಂದರೆ ಹೆಸರೇ ಇಲ್ಲದವನು. ಪ್ರಶ್ನೆಯನ್ನು ಕಳಿಸಿದ ಮನುಷ್ಯನಿಗೆ ಹೆಸರಿಲ್ಲದಿಲ್ಲ. ಅನಾಮಿಕೆಯು ಉಂಗುರದ ಬೆರಳಿನ ಹೆಸರಾಗಿ ರೂಢವಾಗಿದ್ದು, ಅದಕ್ಕೆ ಈಚೆಗೆ ಹೊರಿಸಿದ ಅರ್ಥವು ಪತ್ರಿಕೆಗಳ ಕೊಡುಗೆಯು. ಅಜ್ಞಾತನೆಂದರೆ ಹೆಸರಿದ್ದೂ ನಮಗೆ ತಿಳಿಯದವನು. ಈ ತಿಳಿಯದಿರುವಿಕೆಯು ನಮ್ಮ ಕೊರತೆಯೇ ಹೊರತು ಅವನ ಸಂಕಲ್ಪವಲ್ಲ. ಸರ್ವರಿನ ಮುಂದೆ ನಿಂತವನಾದರೋ ಹೆಸರುಳ್ಳವನಾಗಿಯೂ ಅದನ್ನು ಹೇಳದವನು. ಆದುದರಿಂದ ‘ಅನುಕ್ತನಾಮ’ ಎಂಬುದೇ ಯೋಗ್ಯವಾದ ಶಬ್ದವೆಂದು ನಮ್ಮ ಮತವು. ಈ ಭೇದವು ಬರಿಯ ಪಂಡಿತರ ಹಟವಲ್ಲ. ಹೆಸರು ಹೇಳದವನು ಯಾವ ಯಂತ್ರದ ವಿಳಾಸದಿಂದ ಎಷ್ಟು ಗಂಟೆಗೆ ಬಂದನು, ಏನನ್ನು ಹುಡುಕಿದನು ಎಂಬುದನ್ನು ಸರ್ವರು ತನ್ನ ದಿನಚರಿಯಲ್ಲಿ ಬರೆದುಕೊಳ್ಳಬಲ್ಲದು. ‘ಅಜ್ಞಾತ’ವೆಂಬ ಮಾತನ್ನು ನಂಬಿ ತಾನು ಅಡಗಿರುವೆನೆಂದು ಭಾವಿಸಿದವನು ಮೋಸಹೋಗುವನು.

ಸಾಹಿತ್ಯಚರಿತ್ರೆಯಲ್ಲಿಯೂ ಈ ಮೂರು ಸ್ಥಿತಿಗಳು ಬೇರೆಬೇರೆಯಾಗಿಯೇ ಇವೆ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ತ್ರಿಪದಿಗಳನ್ನು ಕೂಡಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಆ ಹೆಂಗಸರು ಹೆಸರನ್ನು ಹೇಳಲಿಲ್ಲ, ಕೇಳುವವರಿಗೂ ಅದು ಬೇಕಾಗಿರಲಿಲ್ಲ, ಅವರು ಅನುಕ್ತನಾಮರು. ಅಂಕಿತವು ಮಾತ್ರ ಉಳಿದು ಕರ್ತೃವಿನ ಹೆಸರು ಅಳಿದ ವಚನಗಳು ಹಲವು. ಅವುಗಳ ಕರ್ತೃಗಳು ಅಜ್ಞಾತರು. ಇವೆರಡನ್ನು ಒಂದೇ ಚೀಲದಲ್ಲಿ ತುಂಬಿ ‘ಅನಾಮಿಕ’ ಎಂದು ಚೀಟಿ ಅಂಟಿಸುವದು ಸೂಚಿಕಾರನ ಆಲಸ್ಯವು.

ಈಗ ನಮ್ಮ ನಾಲ್ಕು ತಾಲೂಕುಗಳ ಕಡೆಗೆ ಬರೋಣ. ಬಾಗೇವಾಡಿ ಮತ್ತು ಇಂಗಳೇಶ್ವರಗಳು ಬಸವಣ್ಣನವರ ಜನ್ಮವೃತ್ತಾಂತಕ್ಕೆ ಸೇರಿದವುಗಳು. ಮಸಬಿನಾಳವು ಹಡಪದ ಅಪ್ಪಣ್ಣನ ಊರೆಂದು ಪ್ರತೀತಿಯುಂಟು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ನೀಲಮ್ಮನ ನೆನಪು ಉಳಿದಿದೆ. ಸಿಂದಗಿ ತಾಲೂಕಿನಿಂದ ಈಚೆಗೆ ಬೇರೆಯಾದ ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವನದು. ಇಂಥ ಸೀಮೆಯಲ್ಲಿ ಓಲೆಯ ಕಟ್ಟುಗಳು ಜಗಲಿಯ ಮೇಲೆ ದೇವರೊಡನೆ ಪೂಜೆಗೊಳ್ಳುತ್ತಿದ್ದದ್ದು ಸಹಜವೇ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ನೆಲಸಿ ಊರೂರು ತಿರುಗಿ ಈ ಕಟ್ಟುಗಳನ್ನು ಬೇಡಿ ತಂದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಅವರಿಗೆ ಕಟ್ಟನ್ನು ಕೊಟ್ಟವರು ಅವರ ಮುಖವನ್ನು ನೋಡಿ ಕೊಟ್ಟರು. ಕೇಳುವವನು ಯಾರು, ಯಾತಕ್ಕೆ ಕೇಳುವನು ಎಂಬುದು ಜಗಲಿಯ ಕಟ್ಟೆಯ ಮೇಲೆಯೇ ತೀರ್ಮಾನವಾಗುತ್ತಿತ್ತು. ಸೂಚಿಯು ಸರ್ವರಿಗೆ ಏರಿದರೆ ಈ ಮುಖಪರಿಚಯವು ತಪ್ಪುವದು. ಹಳೆಯ ಓಲೆಗೆ ಪೇಟೆಯಲ್ಲಿ ಬೆಲೆಯುಂಟೆಂಬುದನ್ನು ಬಲ್ಲವನು ಒಂಟಿ ಮುದುಕಿಯ ಮನೆಯ ವಿಳಾಸವನ್ನು ಕೂತಲ್ಲಿಯೇ ಓದಬಹುದು. ಅತ್ತ, ಆ ಭಯದಿಂದ ಸೂಚಿಯನ್ನೆಲ್ಲ ಮುಚ್ಚಿದರೆ, ಮುದ್ದೇಬಿಹಾಳದ ಒಂದು ಪ್ರೌಢಶಾಲೆಯ ಅಧ್ಯಾಪಕನು ತನ್ನ ಊರಿನಿಂದ ಎರಡು ಹರದಾರಿಯ ಆಚೆ ಇರುವ ಪ್ರತಿಯ ಇರವನ್ನು ತಿಳಿಯದೆ ಹೋಗುವನು. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಪಾಂಡುಲಿಪಿ ಮಿಷನ್ನು ಖಾಸಗಿ ಮನೆಗಳ ಪ್ರತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತೊಡಗಿದಂದಿನಿಂದ ಈ ಇಕ್ಕಟ್ಟು ಕಲ್ಪನೆಯ ಮಾತಾಗಿ ಉಳಿದಿಲ್ಲ.

ಸರ್ವರುಗಳನ್ನು ರಚಿಸಿದವರು ಇದಕ್ಕೆ ಯಾವ ವಿಧಿಗಳನ್ನು ಕೊಟ್ಟಿರುವರು? ೩೮೯ ಡೈರೆಕ್ಟರಿ ಸರ್ವರ್ ಎಂಬುದರಲ್ಲಿ ‘ಅಲೌ ಅನಾನಿಮಸ್ ಆಕ್ಸೆಸ್’ ಎಂಬ ಒಂದು ಸೂಚಕವಿದ್ದು ಅದಕ್ಕೆ ಮೂರು ಬೆಲೆಗಳು: ‘ಆನ್’ ಎಂದರೆ ಬರಲಿ, ‘ಆಫ್’ ಎಂದರೆ ಬಾರದಿರಲಿ, ‘ರೂಟ್‌ಡಿಎಸ್‌ಇ’ ಎಂದರೆ ಬೇರಿನ ನಮೂದನ್ನು ಮಾತ್ರ ನೋಡಲಿ. ಈ ಬೇರಿನ ನಮೂದಿನಲ್ಲಿ ಸರ್ವರು ತನ್ನನ್ನೇ ಕುರಿತು ಹೇಳಿಕೊಳ್ಳುವದು: ತನ್ನಲ್ಲಿ ಯಾವ ಶಾಖೆಗಳಿವೆ, ತಾನು ಯಾವ ಕ್ರಮಗಳನ್ನು ಬಲ್ಲೆನು ಎಂಬಿಷ್ಟೇ. ವಿಶೇಷವೇನೆಂದರೆ, ಉಳಿದ ಸಮಸ್ತ ನಮೂದುಗಳಿಗೂ ಉದ್ದವಾದ ಹೆಸರುಗಳಿದ್ದು ಈ ಬೇರಿಗೆ ಮಾತ್ರ ಶೂನ್ಯನಾಮವು. ಹೆಸರು ಹೇಳದವನಿಗೆ ಹೆಸರಿಲ್ಲದ್ದನ್ನು ತೋರಿಸುವರು! ಶರಣರ ಸೀಮೆಯವರಿಗೆ ಇದು ರುಚಿಸದೆ ಇರದು. ಆದರೆ ರುಚಿಸಿತೆಂದು ಸಾಕೆನ್ನುವಂತಿಲ್ಲ. ಹಸ್ತಪ್ರತಿಗಳನ್ನು ಅರಸುವವನಿಗೆ ಸೂಚಿಯ ರಟ್ಟನ್ನು ತೋರಿಸಿ ಕಳಿಸಿದಂತಾಗುವದು. ಮೂರು ಬೆಲೆಗಳೂ ಹೊರಬಾಗಿಲಿಗೆ ಸಂಬಂಧಿಸಿದವುಗಳು. ಒಳಗಿನ ಯಾವ ಕೋಣೆಗೆ ಯಾರು ಹೋಗಬೇಕೆಂಬುದನ್ನು ಆ ಸರ್ವರಿನಲ್ಲಿ ಬೇರೆ ಅನುಜ್ಞಾವಾಕ್ಯಗಳಿಂದ ಹೇಳಬೇಕಾಗುವದು. ಆಕ್ಟಿವ್ ಡೈರೆಕ್ಟರಿಯವರು ೨೦೦೩ರ ಆವೃತ್ತಿಯಿಂದ ಅನುಕ್ತನಾಮರಿಗೆ ಬೇರಿನ ನಮೂದೊಂದನ್ನು ಬಿಟ್ಟು ಉಳಿದುದನ್ನು ಮುಚ್ಚಿಯೇ ಕೊಡುವರು. ಓಪನ್‌ಎಲ್‌ಡ್ಯಾಪಿನಲ್ಲಾದರೋ ಯಾವ ನಿಯಮವನ್ನೂ ಬರೆಯದಿದ್ದರೆ ಯಾರು ಬೇಕಾದರೂ ಎಲ್ಲವನ್ನೂ ಓದಬಹುದು. ಮೌನಕ್ಕೆ ಒಬ್ಬರು ನಿಷೇಧವೆಂದೂ ಇನ್ನೊಬ್ಬರು ಅನುಜ್ಞೆಯೆಂದೂ ಅರ್ಥ ಹೇಳಿರುವರು. ಸೂಚಿಯನ್ನು ಇಡುವವನು ಮೌನಿಯಾಗಿರಬಾರದೆಂಬುದೇ ಇದರಿಂದ ಸಿದ್ಧಿಸುವ ಅರ್ಥವು.

ಹೆಸರು ಹೇಳದವನನ್ನು ಒಳಗೆ ಬಿಡುವದು ಈ ನಾಡಿಗೆ ಹೊಸದಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು ನೋಡಿರಿ. ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. ೯೪೫ರಲ್ಲಿ, ಅವನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ನಡೆದ ದಾನಗಳನ್ನು ಅದು ಹೇಳುತ್ತದೆ. ದಾನಿಯ ಹೆಸರು ಅಲ್ಲಿದೆ, ಅರಸನ ಹೆಸರಿದೆ, ವಿದ್ಯಾರ್ಥಿಗಳಾದರೋ ನಾನಾ ಜನಪದಗಳಿಂದ ಬಂದವರು ಎಂಬಷ್ಟರಿಂದಲೇ ಒಳಗಾಗಿರುವರು. ಆದರೆ ಸೌಕರ್ಯಕ್ಕೆ ಅಳತೆಯುಂಟು: ವಿದ್ಯಾರ್ಥಿಗಳ ವಸತಿಗೆ ೨೭ ಮನೆಗಳು, ದೀಪಕ್ಕೆ ೧೨ ನಿವರ್ತನ ಭೂಮಿ, ಉಪಾಧ್ಯಾಯನಿಗೆ ೫೦ ನಿವರ್ತನ. ಹೆಸರನ್ನು ಕೇಳದೆ ಒಳಗೆ ಬಿಟ್ಟರೂ ಎಷ್ಟು ಜನಕ್ಕೆ ಎಷ್ಟು ಎಂಬುದನ್ನು ಗೊತ್ತುಮಾಡಿಟ್ಟದ್ದು ಆ ಕಾಲದವರ ವಿವೇಕವು. (ಆ ಶಾಲೆಯ ಬಾಗಿಲು ಒಂದು ವರ್ಣದವರಿಗೆ ಮಾತ್ರ ತೆರೆದಿತ್ತೆಂಬುದನ್ನು ಮರೆಯುವಂತಿಲ್ಲ, ಹೆಸರನ್ನು ಕೇಳದವರು ಕುಲವನ್ನು ಕೇಳುತ್ತಿದ್ದರು.) ೩೮೯ ಸರ್ವರಿನಲ್ಲಿಯೂ ಅನುಕ್ತನಾಮರಿಗೆಂದೇ ಪ್ರತ್ಯೇಕವಾದ ಮಿತಿಗಳನ್ನು ಇಡಬಹುದು: ಒಮ್ಮೆಗೆ ಇಷ್ಟು ನಮೂದುಗಳು, ಇಷ್ಟು ಹೊತ್ತು. ಒಂದು ಪ್ರತಿಯನ್ನು ಹುಡುಕುವ ವಿದ್ವಾಂಸನಿಗೆ ಇದರಿಂದ ಬಾಧಕವಿಲ್ಲ; ಇಡೀ ಸೂಚಿಯನ್ನು ಒಂದೇ ಸಲಕ್ಕೆ ಬಾಚಿಕೊಂಡು ಹೋಗಲು ಬಂದವನಿಗೆ ಇದು ತೊಡಕಾಗುವದು.

ಇನ್ನು ಅನುಜ್ಞಾವಾಕ್ಯಗಳಲ್ಲಿಯ ಒಂದು ಶಬ್ದದೋಷವನ್ನು ಹೇಳಲೇಬೇಕು. ಅದೇ ಸರ್ವರಿನಲ್ಲಿ ‘ಆಲ್’ ಎಂದರೂ ‘ಎನಿವನ್’ ಎಂದರೂ ಎರಡು ವರ್ಗಗಳಿವೆ. ಆಲ್ ಎಂದರೆ ಹೆಸರನ್ನು ಹೇಳಿ ಸಾಧಿಸಿದವರೆಲ್ಲರು. ಎನಿವನ್ ಎಂದರೆ ಅವರೂ, ಹೆಸರು ಹೇಳದವರೂ. ಎಂದರೆ ‘ಎಲ್ಲರು’ ಎಂಬುದು ‘ಯಾರಾದರೂ’ ಎಂಬುದಕ್ಕಿಂತ ಚಿಕ್ಕದು! ಸರ್ವಶಬ್ದವನ್ನು ಇಷ್ಟು ಸಂಕೋಚಪಡಿಸಿದ್ದು ಯಾವ ಭಾಷೆಯ ನ್ಯಾಯಕ್ಕೂ ಒಗ್ಗದು. ಊಟಕ್ಕೆ ಎಲ್ಲರೂ ಬರಬೇಕೆಂದು ಸಾರಿ, ಬಂದವನನ್ನು ಬಾಗಿಲಲ್ಲಿ ‘ಎಲ್ಲರೆಂದರೆ ಪರಿಚಯದವರು’ ಎಂದು ತಡೆದಂತಾಯಿತು. ಕನ್ನಡದಲ್ಲಿ ಈ ವಿಧಿಗಳನ್ನು ಬರೆಯುವವರು ಮೊದಲನೆಯದಕ್ಕೆ ‘ಉಕ್ತನಾಮರು’ ಎಂದೂ ಎರಡನೆಯದಕ್ಕೆ ‘ಸರ್ವರು’ ಎಂದೂ ಇಟ್ಟುಕೊಂಡರೆ ಯಂತ್ರಕ್ಕೂ ಹಾನಿಯಿಲ್ಲ, ಭಾಷೆಗೂ ಹಾನಿಯಿಲ್ಲ.

ಇಷ್ಟೂ ಹೆಸರನ್ನು ಹೇಳದವನ ವಿಚಾರವಾಯಿತು. ನಮ್ಮ ಮತದಲ್ಲಿ ನಿಜವಾದ ಅಪಾಯವು ಅವನಿಂದಲ್ಲ, ಇನ್ನೊಬ್ಬನಿಂದ. ಎಲ್‌ಡ್ಯಾಪಿನ ಅಧಿಕಾರವಿಧಿಯನ್ನು ಹೇಳುವ ಆರ್‌ಎಫ್‌ಸಿ ೪೫೧೩ ಎಂಬ ೨೦೦೬ರ ಗ್ರಂಥವು ಬರಿಯ ಬೈಂಡಿನಲ್ಲಿ ಮೂರು ಭೇದಗಳನ್ನು ಮಾಡುತ್ತದೆ. ಹೆಸರೂ ಇಲ್ಲ, ಗುಪ್ತಪದವೂ ಇಲ್ಲ: ಇದು ಮೊದಲನೆಯದು. ಹೆಸರುಂಟು, ಗುಪ್ತಪದವೂ ಉಂಟು: ಇದು ಸಿದ್ಧನಾಮವು. ಇವೆರಡರ ನಡುವೆ ಹೆಸರುಂಟು, ಗುಪ್ತಪದವು ಬರಿದು, ಎಂಬ ಮೂರನೆಯದು. ಈ ಮೂರನೆಯವನಿಗೆ ಸರ್ವರು ‘ಆಗಲಿ’ ಎಂದರೆ, ಅವನನ್ನು ಅನುಕ್ತನಾಮನೆಂದೇ ಎಣಿಸಿ ಆಗಲಿ ಎಂದಿರುವದು. ನಡುವೆ ನಿಂತ ಬೇರೊಂದು ಯಂತ್ರವು ಆ ‘ಆಗಲಿ’ಯನ್ನು ಕೇಳಿ, ಈತನು ಹೇಳಿದ ಹೆಸರು ಸಿದ್ಧವಾಯಿತೆಂದು ನಂಬಿ, ಆ ಹೆಸರಿನವನ ಸರ್ವಾಧಿಕಾರವನ್ನೂ ಕೊಟ್ಟುಬಿಡಬಹುದು. ಅಧ್ಯಕ್ಷನ ಹೆಸರನ್ನು ಬರೆದು ಗುಪ್ತಪದದ ಮನೆಯನ್ನು ಖಾಲಿ ಬಿಟ್ಟವನು ಅಧ್ಯಕ್ಷನೇ ಆಗುವನು. ಈ ಕಾರಣದಿಂದಲೇ ಆ ಗ್ರಂಥವು, ಇಂಥ ಬೈಂಡಿಗೆ ಸರ್ವರು ಸಹಜವಾಗಿ ‘ಮಾಡಲೊಲ್ಲೆನು’ ಎಂಬ ಉತ್ತರವನ್ನೇ ಕೊಡತಕ್ಕದ್ದೆಂದೂ, ಕೇಳುವ ಯಂತ್ರವು ಬರಿದಾದ ಗುಪ್ತಪದವನ್ನು ಸ್ವೀಕರಿಸಬಾರದೆಂದೂ ವಿಧಿಸಿದೆ. ವಿಧಿಯು ನಿರ್ದುಷ್ಟವಾಗಿದೆ. ಆದರೆ ಸೂಚಿಯನ್ನು ಇಡುವವರು ಅನುಕ್ತನಾಮನನ್ನು ಹೊರಗಟ್ಟಲು ಪಡುವ ಶ್ರಮದ ಒಂದು ಪಾಲನ್ನೂ ಈ ಸುಳ್ಳು ಹೆಸರಿನವನ ಮೇಲೆ ಪಡುವದಿಲ್ಲ.

ವಚನಗಳ ಸಂಪಾದಕರು ಈ ಮೂರು ಭೇದಗಳನ್ನು ತಮ್ಮ ಮೇಜಿನ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಅಂಕಿತವು ಹೆಸರಿನಂತೆ; ಪ್ರತಿಗಳ ಸಾಕ್ಷ್ಯವು ಗುಪ್ತಪದದಂತೆ. ‘ಕೂಡಲಸಂಗಮದೇವ’ ಎಂಬುದು ಬಸವಣ್ಣನವರ ಅಂಕಿತವು. ‘ಕೂಡಲಚೆನ್ನಸಂಗಮದೇವ’ ಎಂಬುದು ಚೆನ್ನಬಸವಣ್ಣನದು. ‘ಗಂಗಾಪ್ರಿಯ ಕೂಡಲಸಂಗಮದೇವ’ ಎಂಬುದು ಗಂಗಾಂಬಿಕೆಯದು. ಲಿಪಿಕಾರನು ‘ಚೆನ್ನ’ ಎಂಬೆರಡಕ್ಷರವನ್ನು ಬಿಟ್ಟರೆ ಅಳಿಯನ ವಚನವು ಮಾವನಿಗೆ ಸೇರುವದು. ‘ಗಂಗಾಪ್ರಿಯ’ ಎಂಬುದನ್ನು ಬಿಟ್ಟರೆ ಹೆಂಡತಿಯದು ಗಂಡನಿಗೆ ಸೇರುವದು. ಅಂಕಿತವನ್ನು ಮಾತ್ರ ನೋಡಿ ಕರ್ತೃತ್ವವನ್ನು ಕೊಡುವ ಸಂಪಾದಕನು, ಬರಿದಾದ ಗುಪ್ತಪದಕ್ಕೆ ‘ಆಗಲಿ’ ಎಂದ ಉತ್ತರವನ್ನು ನಂಬಿದ ಯಂತ್ರದಂತೆಯೇ ನಡೆದವನು. ಅಂಕಿತವೆಂಬುದು ಎಷ್ಟು ಭಾರವಾದ ವಸ್ತುವೆಂಬುದನ್ನು, ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚಾದ ಒಂದು ಸಂಕಲನವನ್ನು ಕರ್ನಾಟಕ ಸರಕಾರವು ೧೯೯೮ರಲ್ಲಿ ನಿಷೇಧಿಸಿದುದೂ, ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಆ ನಿಷೇಧವನ್ನು ಎತ್ತಿಹಿಡಿದುದೂ ತೋರಿಸುತ್ತವೆ. ಇತ್ತ ಗರತಿಯ ಹಾಡಿನ ಹೆಂಗಸರಿಂದ ಸಾಹಿತ್ಯಚರಿತ್ರೆಗೆ ಒಂದು ಸುಳ್ಳೂ ಬರಲಿಲ್ಲ. ಅವರು ಯಾರ ಹೆಸರನ್ನೂ ಎರವು ತಂದಿರಲಿಲ್ಲ.

ಕೊನೆಯದಾಗಿ, ವಿದ್ವಾಂಸರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸಂಬಂಧಿಸಿದ ಮಾತೊಂದಿದೆ. ಓಪನ್‌ಎಲ್‌ಡ್ಯಾಪಿನಲ್ಲಿ ಅಧಿಕಾರಕ್ಕೆ ಎಂಟು ಮೆಟ್ಟಲುಗಳು. ಏನೂ ಇಲ್ಲದಿರುವದು, ಇರವನ್ನು ಮರೆಮಾಚದಿರುವದು, ಗುಪ್ತಪದದ ಪರೀಕ್ಷೆಗೆ ಒಡ್ಡುವದು, ಹೋಲಿಸುವದು, ಹುಡುಕುವದು, ಓದುವದು, ಬರೆಯುವದು, ಆಳುವದು. ಎರಡನೆಯ ಮೆಟ್ಟಲಿಗೆ ‘ಡಿಸ್‌ಕ್ಲೋಸ್’ ಎಂದು ಹೆಸರು. ಅದು ಇಲ್ಲದವನು ಒಂದು ನಮೂದನ್ನು ಕೇಳಿದರೆ ಸರ್ವರು ‘ನಿನಗೆ ಅಧಿಕಾರವಿಲ್ಲ’ ಎನ್ನುವದಿಲ್ಲ. ‘ಅಂಥ ವಸ್ತುವೇ ಇಲ್ಲ’ ಎನ್ನುವದು. ವ್ಯಕ್ತಿಗಳ ಸೂಚಿಯಲ್ಲಿ ಇದು ಯುಕ್ತವೇ. ಹಸ್ತಪ್ರತಿಗಳ ಸೂಚಿಯಲ್ಲಾದರೆ ಇದು ಮಹಾದೋಷವು. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವಾಗ ಯೋಗ್ಯಾನುಪಲಬ್ಧಿಯನ್ನು ಮಾತ್ರ ಒಪ್ಪಿದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗಲೇ ಅದು ಇಲ್ಲವೆಂದು ಹೇಳಬಹುದು. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಕತ್ತಲೆಯ ಕೋಣೆಯನ್ನು ಬೆಳಕಿನದೆಂದು ತೋರಿಸುವ ಸರ್ವರಿನ ಮುಂದೆ ನಿಂತ ಸಂಶೋಧಕನು, ಈ ಕೃತಿಯ ಬೇರೆ ಪ್ರತಿಯಿಲ್ಲವೆಂದು ನಿರ್ಣಯಿಸಿ, ಒಂದೇ ಹಾಳಾದ ಓಲೆಯ ಮೇಲಿಂದ ಗ್ರಂಥವನ್ನು ಅಚ್ಚು ಹಾಕಿಸುವನು. ಎರಡನೆಯ ಪ್ರತಿಯು ಸಿಂದಗಿಯ ಒಂದು ಜಗಲಿಯ ಮೇಲೆ ಹುಳು ಹಿಡಿಯುತ್ತ ಇರುವದು. ‘ಇಲ್ಲ’ ಎಂಬುದಕ್ಕೂ ‘ತೋರಿಸಲಾರೆ’ ಎಂಬುದಕ್ಕೂ ಇರುವ ಅಂತರವನ್ನು ಅಳಿಸಿದ ಸೂಚಿಯು ಸೂಚಿಯಿಲ್ಲದಿರುವದಕ್ಕಿಂತ ಕೆಟ್ಟದ್ದು.

ಆದುದರಿಂದ ನಮ್ಮ ನಾಲ್ಕು ತಾಲೂಕುಗಳ ಸೂಚಿಗೆ ಯುಕ್ತವಾಗಿ ತೋರುವ ಏರ್ಪಾಡು ಇದು. ಬಾಗಿಲನ್ನು ತೆರೆದೇ ಇಡತಕ್ಕದ್ದು. ಕೃತಿ, ಕರ್ತೃ, ಅಂಕಿತ, ಗರಿಗಳ ಸಂಖ್ಯೆ, ಲಿಪಿಕಾಲ, ತಾಲೂಕು ಇವುಗಳನ್ನು ಅನುಕ್ತನಾಮನೂ ಓದಲಿ. ಕರ್ತೃವಿನ ಮನೆಯಲ್ಲಿ ‘ಸಿದ್ಧ’, ‘ಅಂಕಿತಮಾತ್ರ’, ‘ಅನುಕ್ತ’ ಎಂಬ ಮೂರು ಗುರುತುಗಳಲ್ಲಿ ಒಂದನ್ನು ಹಾಕಲೇಬೇಕು. ಒಡೆಯನ ಹೆಸರು, ಊರು, ದೂರವಾಣಿಗಳನ್ನು ಹೆಸರು ಸಿದ್ಧವಾದವನಿಗೆ ಮಾತ್ರ, ಅದೂ ಒಡೆಯನ ಒಪ್ಪಿಗೆಯಿದ್ದಲ್ಲಿ ಮಾತ್ರ, ತೋರಿಸತಕ್ಕದ್ದು. ಆದರೆ ಅವು ಇಲ್ಲವೆನ್ನದೆ ಮುಚ್ಚಿವೆಯೆಂದೇ ಹೇಳತಕ್ಕದ್ದು. ಒಡೆಯನ ಹೆಸರಿಗೆ ಓದುವ ಅಧಿಕಾರವನ್ನು ತೆಗೆದು ಹುಡುಕುವ ಅಧಿಕಾರವನ್ನು ಬಿಟ್ಟರೆ ಸಾಲದು. ಊಹಿಸಿದ ಹೆಸರುಗಳನ್ನು ಒಂದೊಂದಾಗಿ ಹಾಕಿ ಹುಡುಕುವವನು ಯಾವುದಕ್ಕೆ ನಮೂದು ಬಂತೆಂಬುದರಿಂದಲೇ ಗುಟ್ಟನ್ನು ಅರಿಯುವನು. ಗುಪ್ತಪದವನ್ನು ಮಾತ್ರ ಅನುಕ್ತನಾಮನಿಂದ ಸಂಪೂರ್ಣವಾಗಿ ದೂರವಿಡುವಂತಿಲ್ಲ. ಹೆಸರು ಸಿದ್ಧವಾಗುವ ಮುಂಚೆ ಪ್ರತಿಯೊಬ್ಬನೂ ಅನುಕ್ತನಾಮನೇ ಆಗಿರುವದರಿಂದ, ಅವನಿಗೆ ಪರೀಕ್ಷೆಯ ಮೆಟ್ಟಲನ್ನಾದರೂ ಕೊಡದಿದ್ದರೆ ಯಾರೂ ಎಂದಿಗೂ ಒಳಗೆ ಬರಲಾರರು.

ಈ ವಿಧಿಗಳನ್ನು ಬರೆಯುವ ಕ್ರಮದಲ್ಲಿ ವ್ಯಾಕರಣವನ್ನು ಓದಿದವರು ಎಡವುವ ಸಂಭವವುಂಟು. ಪಾಣಿನೀಯರಲ್ಲಿ ಉತ್ಸರ್ಗವನ್ನು ಎಲ್ಲಿಯೇ ಹೇಳಿರಲಿ ಅಪವಾದವು ಅದನ್ನು ಬಾಧಿಸುವದು. ಸಮಬಲಗಳಿಗೆ ವಿರೋಧ ಬಂದರೆ ಮುಂದಿನ ಸೂತ್ರವು ಗೆಲ್ಲುವದು. ಓಪನ್‌ಎಲ್‌ಡ್ಯಾಪಿನಲ್ಲಿ ಇದಕ್ಕೆ ವಿಪರೀತವು: ಮೊದಲು ಹೊಂದಿದ ನಿಯಮವೇ ನಿಯಮವು, ಮುಂದಿನದನ್ನು ಅದು ನೋಡುವದೇ ಇಲ್ಲ. ‘ಸರ್ವವನ್ನೂ ಸರ್ವರೂ ಓದಲಿ’ ಎಂಬುದನ್ನು ಮೇಲೆ ಬರೆದು ಒಡೆಯನ ಹೆಸರಿನ ನಿಷೇಧವನ್ನು ಕೆಳಗೆ ಬರೆದರೆ ನಿಷೇಧವು ಸತ್ತಂತೆಯೇ. ೩೮೯ ಸರ್ವರಿನಲ್ಲಾದರೋ ಕ್ರಮವು ಮುಖ್ಯವಲ್ಲ, ಅನುಜ್ಞೆ ನಿಷೇಧಗಳು ಎದುರಾದಲ್ಲಿ ನಿಷೇಧವೇ ಬಲಿಷ್ಠವು. ಎರಡರ ಅಭ್ಯಾಸವನ್ನು ಬೆರಸಬಾರದು. ಬರೆದು ಮುಗಿಸಿದ ಮೇಲೆ, ಅಧಿಕಾರಿಯು ತನ್ನ ಹೆಸರನ್ನೂ ಗುಪ್ತಪದವನ್ನೂ ಬದಿಗಿಟ್ಟು, ಹೆಸರು ಹೇಳದವನಾಗಿಯೇ ಬೇರೊಂದು ಯಂತ್ರದಿಂದ ತನ್ನ ಸೂಚಿಯನ್ನು ಒಮ್ಮೆ ಕೇಳಿ, ಬಂದ ಉತ್ತರವನ್ನು ಸಾಲುಸಾಲಾಗಿ ಓದತಕ್ಕದ್ದು. ಅನಂತರ ಹೆಸರನ್ನು ಹಾಕಿ ಗುಪ್ತಪದವನ್ನು ಬರಿದಾಗಿ ಬಿಟ್ಟು ಇನ್ನೊಮ್ಮೆ ಕೇಳತಕ್ಕದ್ದು.